ಕೆಳಗಿಟ್ಟ ಕಾಫಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಕ್ಲಾಸಿನ ಸುಹೈಬ್ ಈ ಕಥೆಯನ್ನು ತನಗೆ ತೋಚಿದ ಹಾಗೆ ಹೇಳಿಕೊಂಡು ತಿರುಗುತ್ತಾನೆ. ಅವನ ಕಥೆಯಲ್ಲಿ ನಾನು ಮಹಾರಾಣಿಯ ಹಾಗೆ ಕೂತು, ತುಟಿ ಬಿಚ್ಚದೆ, ಮುದುಕರೊಬ್ಬರ ತೋಟ ಬರೆಸಿಕೊಳ್ಳುತ್ತೇನೆ. ನಿಜ ಏನೆಂದರೆ ನನಗೆ ಹಸಿವಾಗಿತ್ತು, ನಾಚಿಕೆಯಾಗಿತ್ತು, ಕೈಯಲ್ಲಿ ಒಂದು ಬಟ್ಟಲು ಕಾಫಿ ಇತ್ತು, ಅದನ್ನು ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ನಮ್ಮದು ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಡಿಗ್ರಿ ಬೇಕಾದರೆ ಎಲ್ಲರೂ ಇಷ್ಟು ಗಂಟೆ ಸಮಾಜಸೇವೆ ಮಾಡಲೇಬೇಕು. ಬೇರೆ ವಿಭಾಗದವರು ಪಾರ್ಕಿನಲ್ಲಿ ಎರಡು ಗಿಡ ನೆಟ್ಟು, ನಲವತ್ತು ಫೋಟೊ ತೆಗೆಸಿಕೊಂಡು ಕೈತೊಳೆದುಕೊಳ್ಳುತ್ತಿದ್ದರು. ನಮಗೆ ರಸ್ತೆ ವಿನ್ಯಾಸ ಕಲಿಸುವ ವಿಜ್ದಾನ್ ಮೇಡಂಗೆ ಅದನ್ನು ಕಂಡರಾಗದು. ಅವರು ಸೇವೆಯನ್ನು ತಂದು ಪಾಠಕ್ಕೇ ಕಟ್ಟಿಹಾಕಿದರು. ಇಬ್ಬಿಬ್ಬರಿಗೆ ಒಂದೊಂದು ಊರು.

"ಆ ಊರಿನೋರಿಗೆ ಬೇಕಾದ ಒಂದು ದಾರಿ ಹುಡುಕಿ. ಅಳೀರಿ, ನಕ್ಷೆ ಬರೀರಿ. ನಕ್ಷೆಗೆ ಅರ್ಧ ಮಾರ್ಕ್ಸು. ಆ ದಾರೀಲಿ ಜನ ನಡೆದ್ರೆ ಇನ್ನರ್ಧ" ಅಂದರು.

"ನಾವೇ ನಡೆದ್ರೆ ಆಗುತ್ತಾ ಮೇಡಂ?" ಅಂತ ಹಿಂದಿನ ಬೆಂಚಿನಿಂದ ಸುಹೈಬ್.

"ನೀನು ಕ್ಲಾಸಿಗೇ ನಡ್ಕೊಂಡು ಬರಲ್ಲ, ಅಲ್ಲಿಗೆ ಹೋಗ್ತೀಯಾ?" ಅಂದವರು, ಅವನನ್ನೇ ನನ್ನ ಜೊತೆಗೆ ಹಾಕಿದರು. ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆನೋ.

ನಮಗೆ ಸಿಕ್ಕಿದ್ದು ಮಾದಬಾ ಪಟ್ಟಣದಿಂದ ದಕ್ಷಿಣಕ್ಕಿರುವ ಲೋಜಿಯಾ ಅನ್ನುವ ಸಣ್ಣ ಊರು. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಹೆಣ್ಣುಮಕ್ಕಳ ಶಾಲೆ, ನಡುವೆ ಅಬು ಮಿಶಾಲ್ ಅವರ ಬಾದಾಮಿ ತೋಟ. ತೋಟದೊಳಗಿಂದ ಹೋದರೆ ಶಾಲೆಗೆ ಐದು ನಿಮಿಷ. ಆದರೆ ಅವರು ತೋಟದ ಗೇಟಿಗೆ ಬೀಗ ಹಾಕಿ ನಾಲ್ಕು ವರ್ಷವಾಗಿತ್ತು. ಹುಡುಗಿಯರು ಸುತ್ತುಹಾಕಿ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದರು.

ಒಂದು ಬೆಳಿಗ್ಗೆ ನಾನೂ ಅವರ ಜೊತೆ ನಡೆದೆ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದುಕೊಳ್ಳುವುದಿತ್ತು, ಅಷ್ಟೆ. ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಬಿಳಿ ಗೆರೆಯ ಆಚೆ ಎರಡು ಗೇಣು ಮಣ್ಣಿನಲ್ಲಿ. ಒಂದು ಲಾರಿ ಹಾದುಹೋಯಿತು ನೋಡಿ, ಅದರ ಗಾಳಿಗೆ ನನ್ನ ಮುಂದಿದ್ದ ಎರಡನೇ ಕ್ಲಾಸಿನ ಹುಡುಗಿ ಬ್ಯಾಗಿನ ಸಮೇತ ಪಕ್ಕಕ್ಕೆ ವಾಲಿದಳು. ನಾನು ಕಿರುಚಿಕೊಂಡು ಅವಳ ತೋಳು ಹಿಡಿದೆ. ಅವಳು ನನ್ನ ಮುಖ ನೋಡಿ, "ಅಕ್ಕ, ನೀವು ಹೊಸಬರಾ? ಲಾರಿ ಬಂದಾಗ ಹೀಗೆ ಕಾಲು ಅಗಲ ಮಾಡ್ಕೊಂಡು ನಿಲ್ಬೇಕು" ಅಂತ ನಿಂತು ತೋರಿಸಿದಳು. ಅವತ್ತಿನಿಂದ ನನಗೆ ಮಾರ್ಕ್ಸು ಹಿಂದಕ್ಕೆ ಹೋಯಿತು. ನನಗೆ ಆ ಗೇಟು ಬೇಕಿತ್ತು.

ಆದರೆ ಗೇಟಿನ ಮಾತೆತ್ತುವ ಹಾಗಿರಲಿಲ್ಲ. ಪುರಸಭೆಯವರು ಕೇಳಿ ಸೋತಿದ್ದರು, ಶಾಲೆಯ ಹೆಡ್‌ಮಿಸ್ ಫೋನ್ ಮಾಡಿ ಸೋತಿದ್ದರು. "ಅವರ ಹತ್ರ ಗೇಟು ಅಂದ್ರೆ ಟೇಪ್ ಹಿಡಿಯೋಕೂ ಬಿಡಲ್ಲ" ಅಂತ ಮೇಡಂ ಎಚ್ಚರಿಸಿದ್ದರು. ಹೆದ್ದಾರಿಯ ಪಕ್ಕ ಅವರ ಗೋಡೆ ಅಳೆಯಲು ಒಂದು ದಿನದ ಒಪ್ಪಿಗೆ ಕೇಳಿ, ಅಲ್ಲೇ ಒಂದು ಕಾಲುದಾರಿಯ ನಕ್ಷೆ ಬರೆದು, ಅರ್ಧ ಮಾರ್ಕ್ಸಿಗೆ ಬಾಯಿ ಮುಚ್ಚಿಕೊಂಡು ಬರುವುದು, ಇದು ನಮ್ಮ ಯೋಜನೆ.

ಅವರ ಮನೆಗೆ ಹೋದ ದಿನ ರಮದಾನ್‌ಗೆ ಇನ್ನೂ ಒಂಬತ್ತು ದಿನವಿತ್ತು. ಹಿಂದಿನ ರಮದಾನ್‌ನಲ್ಲಿ ಬಿಟ್ಟುಹೋದ ಉಪವಾಸಗಳನ್ನು ಹೊಸದು ಬರುವುದರೊಳಗೆ ಹಿಡಿದು ಮುಗಿಸಬೇಕು. ಹೆಣ್ಣುಮಕ್ಕಳಿಗೆ ಪ್ರತಿ ವರ್ಷ ಐದಾರು ದಿನ ಯಾಕೆ ಬಿಟ್ಟುಹೋಗುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು, ಗಂಡಸರ ಮುಂದೆ ಯಾರೂ ಆಡುವುದಿಲ್ಲ. ವರ್ಷವಿಡೀ ನಾಳೆ ನಾಳೆ ಅಂದುಕೊಂಡು, ಕೊನೆಯ ವಾರದಲ್ಲಿ ನಾನು, ಅಕ್ಕ, ಅತ್ತಿಗೆ ಮೂವರೂ ಬಾಡಿದ ಮುಖ ಹೊತ್ತು ಮನೆ ತುಂಬ ಓಡಾಡುತ್ತೇವೆ. ಅಪ್ಪ ಏನೂ ಕಾಣದವರ ಹಾಗೆ ಪೇಪರ್ ಓದುತ್ತಾರೆ. ಒಟ್ಟಿನಲ್ಲಿ ಅವತ್ತು ನಾನು ಉಪವಾಸ. ಸುಹೈಬ್‌ಗೂ ಹೇಳಿರಲಿಲ್ಲ. ಅವನು ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಕೂತು ಫಲಾಫಲ್ ತಿಂದ.

ಅಬು ಮಿಶಾಲ್ ಮನೆ ಗಲಗಲ ಅನ್ನುತ್ತಿತ್ತು. ನಾಲ್ವರು ಗಂಡುಮಕ್ಕಳು, ಸೊಸೆಯಂದಿರು, ಎಣಿಸಲಾಗದಷ್ಟು ಮೊಮ್ಮಕ್ಕಳು. ಅತಿಥಿಗಳ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಾಸಿದ ದಿಂಬುಗಳ ಮೇಲೆ ಅವರು ಒಬ್ಬರೇ ಕೂತಿದ್ದರು. ಉದ್ದನೆಯ ಆಳು, ಬಿಳಿ ಮೀಸೆ, ಹೆಗಲ ಮೇಲೆ ಕಂದು ನಿಲುವಂಗಿ. ಹಿರಿಯ ಮಗ ಮಿಶಾಲ್, ಅವರಿಗೆ ಅಬು ಮಿಶಾಲ್, ಅಂದರೆ ಮಿಶಾಲ್‌ನ ಅಪ್ಪ, ಅನ್ನುವ ಹೆಸರು ತಂದವನು, ನಲವತ್ತು ದಾಟಿದ ಗಂಭೀರ ಮನುಷ್ಯ, ನಿಂತುಕೊಂಡೇ ಕಹಿ ಕಾಫಿ ಬಗ್ಗಿಸಿ ಕೊಟ್ಟ. ಸುಹೈಬ್ ಒಂದೇ ಗುಟುಕಿಗೆ ಕುಡಿದು ಇನ್ನೊಂದು ಹಾಕಿಸಿಕೊಂಡ. ನನ್ನ ಕೈಗೂ ಒಂದು ಬಟ್ಟಲು ಬಂತು.

ಬೇಡ ಅಂದರೆ ಮನೆಯವರಿಗೆ ಅವಮಾನ. ಉಪವಾಸ ಅಂದರೆ ಮೂವರು ಗಂಡಸರ ಎದುರು ನನಗೆ ಅವಮಾನ. ಯೋಚಿಸಲು ಒಂದು ಕ್ಷಣ ಸಿಗಲಿ ಅಂತ ಬಟ್ಟಲನ್ನು ಮುಂದಿದ್ದ ಪುಟ್ಟ ಮೇಜಿನ ಮೇಲಿಟ್ಟೆ.

ಮಿಶಾಲ್‌ನ ಕೈಯಲ್ಲಿದ್ದ ಕಾಫಿ ಪಾತ್ರೆ ಗಾಳಿಯಲ್ಲೇ ನಿಂತಿತು. ಅಬು ಮಿಶಾಲ್ ಒರಗಿದ್ದವರು ನೆಟ್ಟಗೆ ಕೂತರು, ನಿಲುವಂಗಿ ಸರಿಮಾಡಿಕೊಂಡರು. ಆಗ ನನಗೆ ಹೊಳೆಯಿತು. ಅಯ್ಯೋ ದೇವರೇ. ನಮ್ಮಲ್ಲಿ ಕೊಟ್ಟ ಕಾಫಿ ಕುಡಿಯದೆ ಕೆಳಗಿಟ್ಟರೆ ಅರ್ಥ ಒಂದೇ: ಈ ಮನೆಯಿಂದ ಏನೋ ಕೇಳುವುದಕ್ಕೆ ಬಂದಿದ್ದೇನೆ, ಕೊಡುತ್ತೇನೆ ಅನ್ನುವವರೆಗೂ ಕುಡಿಯುವುದಿಲ್ಲ. ಹೆಣ್ಣು ಕೇಳಲು ಹೋಗುವಾಗ, ಕೊಲೆಯ ಜಗಳ ತೀರಿಸುವಾಗ, ಊರ ಹಿರಿಯರು ಮಾಡುವ ಕೆಲಸ ಅದು. ಅಕ್ಕನ ನಿಶ್ಚಿತಾರ್ಥದಲ್ಲಿ ಕಣ್ಣಾರೆ ಕಂಡಿದ್ದೆ. ಹಸಿದ ತಲೆಗೆ ಅದು ನೆನಪಾಗಲಿಲ್ಲ.

"ಹೆಣ್ಣುಮಗಳೊಬ್ಳು ಹೀಗೆ ಬಟ್ಲು ಕೆಳಗಿಟ್ಟಿದ್ದು ನಾನು ನೋಡಿಲ್ಲ" ಅಂದರು ಅಬು ಮಿಶಾಲ್, ನಿಧಾನವಾಗಿ. "ಗೇಟಿನ ವಿಷಯ ತಾನೆ?"

ನನ್ನ ಬಾಯಿ ಒಣಗಿಹೋಗಿತ್ತು. ಅರ್ಧ ಉಪವಾಸಕ್ಕೆ, ಅರ್ಧ ಭಯಕ್ಕೆ.

ಅವರು ಮೀಸೆ ತೀಡಿದರು. ಬಾಗಿಲ ಕಡೆ ನೋಡಿದರು. "ಆಯ್ತು. ಬೆಳಿಗ್ಗೆ ಶಾಲೆ ಹೊತ್ತಿಗೆ ಮಿಶಾಲ್ ಬೀಗ ತೆಗೀತಾನೆ. ಕುಡಿ ಮಗಳೇ."

ಸುಹೈಬ್‌ಗೆ ಕಾಫಿ ನೆತ್ತಿಗೇರಿತು. ಪುರಸಭೆ ನಾಲ್ಕು ವರ್ಷದಿಂದ ಬೇಡಿದ್ದು ಎರಡು ನಿಮಿಷದಲ್ಲಿ ಸಿಕ್ಕಿತ್ತು. ನಾನು ಮಾಡಬೇಕಾಗಿದ್ದು ಇಷ್ಟೇ, ಆ ಬಟ್ಟಲೆತ್ತಿ ಕುಡಿಯುವುದು. ಸೂರ್ಯ ಮುಳುಗಲು ಇನ್ನೂ ಒಂದು ಗಂಟೆಯಿತ್ತು. ಹಿಡಿದ ಉಪವಾಸ ಕಾರಣವಿಲ್ಲದೆ ಮುರಿಯುವ ಹಾಗಿಲ್ಲ. ದೇವರಿಗೂ ಅಬು ಮಿಶಾಲ್‌ಗೂ ನಡುವೆ ಸಿಕ್ಕಿಕೊಂಡು ನಾನು ಬಟ್ಟಲನ್ನೇ ನೋಡುತ್ತ ಕೂತೆ.

"ಕುಡಿಯೇ!" ಅಂತ ಸುಹೈಬ್ ಹಲ್ಲುಗಳ ಸಂದಿಯಿಂದ ಪಿಸುಗುಟ್ಟಿದ.

"ಸುಮ್ನಿರೋ" ಅಂದೆ.

ಅಬು ಮಿಶಾಲ್ ಹುಬ್ಬೇರಿಸಿದರು. "ಸಾಲದಾ? ಹೌದು, ಬೆಳಿಗ್ಗೆ ಹೋದ ಮಕ್ಕಳು ಮಧ್ಯಾಹ್ನ ವಾಪಸ್ ಬರಬೇಕಲ್ಲ. ಸರಿ. ಎರಡು ಹೊತ್ತೂ ತೆಗೆದಿರುತ್ತೆ."

ಅಷ್ಟರಲ್ಲಿ ಅವರ ಹೆಂಡತಿ ಉಮ್ಮು ಮಿಶಾಲ್ ಒಳಗಿನಿಂದ ಬಂದು ನನ್ನ ಪಕ್ಕ ಕೂತರು. ದುಂಡು ಮುಖದ, ಕಣ್ಣಲ್ಲೇ ನಗುವ ಹೆಂಗಸು. ಬಟ್ಟಲು ನೋಡಿದರು, ನನ್ನ ಬಿರಿದ ತುಟಿ ನೋಡಿದರು. "ರಮದಾನ್‌ಗೆ ಇನ್ನೆಷ್ಟು ದಿನ ಉಳೀತು ಮಗಳೇ?" ಅಂದರು, ಏನೂ ಅರಿಯದವರ ಹಾಗೆ.

"ಒಂಬತ್ತು, ಚಿಕ್ಕಮ್ಮ."

"ಹೂಂ. ಒಂಬತ್ತೇ." ತಲೆವಸ್ತ್ರದ ಅಂಚಿನಲ್ಲಿ ಬಾಯಿ ಒತ್ತಿಕೊಂಡರು. ಎಲ್ಲ ಗೊತ್ತಾಗಿಹೋಗಿತ್ತು ಆ ತಾಯಿಗೆ. ಈಗ ಹೇಳಿ ನನ್ನನ್ನು ಬಿಡಿಸುತ್ತಾರೆ ಅಂತ ಕಾದೆ. ಅವರು ಗಂಡನ ಕಡೆ ತಿರುಗಿ, "ಹುಡುಗಿ ಇನ್ನೂ ಕುಡಿದಿಲ್ಲ ನೋಡಿ. ಗೇಟು ಇದ್ರೆ ಬೀಗ ಬಿದ್ದೇ ಬೀಳುತ್ತೆ ಅಂತ ಇರಬೇಕು" ಅಂದರು.

"ಗೇಟೇ ತೆಗೆಸ್ಲಾ?"

"ನನ್ನ ಕೇಳ್ಬೇಡಿ. ಬಟ್ಲು ಇಟ್ಟೋಳು ಅವಳು."

ನಾನು ಮೆಲ್ಲಗೆ ಅವರ ಕೈ ಚಿವುಟಿದೆ. ಅವರು ಅದಕ್ಕಿಂತ ಜೋರಾಗಿ ತಿರುಗಿ ಚಿವುಟಿದರು.

ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರಳಲ್ಲ. ಅಬು ಮಿಶಾಲ್ ಕೂತಲ್ಲೇ, ಮಾತಿನಲ್ಲೇ ಗೇಟು ಕೀಳಿಸಿದರು. ನಾನು ಕುಡಿಯಲಿಲ್ಲ. ತೋಟದ ನಡುವೆ ಎರಡು ಮೀಟರ್ ದಾರಿ ಬಿಟ್ಟರು. ನಾನು ಕುಡಿಯಲಿಲ್ಲ. ಮೂರು ಮೀಟರ್ ಮಾಡಿದರು, ಕಾಗದದಲ್ಲೇ ಬರೆದುಕೊಡುತ್ತೇನೆ ಅಂದರು. ಮಿಶಾಲ್ ತಡೆಯಲಾರದೆ "ಅಪ್ಪಾ, ಸ್ವಲ್ಪ..." ಅಂದ. "ನೀನು ಕಾಫಿ ನೋಡ್ಕೊ" ಅಂತ ಗದರಿದರು. ಸುಹೈಬ್ ನನ್ನನ್ನು ನೋಡುತ್ತಿದ್ದ ರೀತಿಗೆ ನನಗೇ ಹೆದರಿಕೆಯಾಯಿತು.

ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಮುದುಕರು ಮುಂದಕ್ಕೆ ಬಾಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬೆಳಕಿತ್ತು.

"ನಿನಗೊಂದು ವಿಷಯ ಹೇಳ್ಲಾ ಮಗಳೇ? ಹನ್ನೊಂದು ವರ್ಷ ಆಯ್ತು, ಈ ಮನೇಲಿ ಯಾರೂ ಬಟ್ಲು ಕೆಳಗಿಟ್ಟಿಲ್ಲ. ಮುಂಚೆ ಹೆಣ್ಣು ಕೇಳೋರು, ಜಗಳ ಬಿಡಿಸಿ ಅನ್ನೋರು, ತಪ್ಪಾಯ್ತು ಅನ್ನೋರು, ಎಲ್ಲ ಇಲ್ಲಿಗೇ ಬರೋರು. ಈಗ ಎಲ್ಲದಕ್ಕೂ ಒಂದು ಅರ್ಜಿ, ಒಂದು ಸೀಲು. ಪುರಸಭೆ ಎಲ್ಲಿದೆ ಗೊತ್ತಾ? ಅಗೋ, ಅಲ್ಲಿ. ಕೂಗಿದ್ರೆ ಕೇಳುತ್ತೆ. ಅವರು ನನಗೆ ಅಂಚೇಲಿ ಕಾಗದ ಕಳಿಸಿದ್ರು! ಹದಿನೈದು ದಿನದೊಳಗೆ ದಾರಿ ಬಿಡತಕ್ಕದ್ದು ಅಂತ. ಅಲ್ಲಿವರೆಗೂ ಗೇಟು ತೆರೆದೇ ಇತ್ತು. ಅವತ್ತು ಬೀಗ ಹಾಕ್ದೆ. ಮನೇಲೂ ಅಷ್ಟೆ. ನನ್ನ ಮಕ್ಕಳು ಕಾರ್ ತಗೊಂಡ್ಮೇಲೆ ಬಂದು ಹೇಳ್ತಾರೆ, ಅಪ್ಪಾ, ಕಾರ್ ತಗೊಂಡ್ವಿ ಅಂತ."

ಮಿಶಾಲ್ ನೆಲ ನೋಡಿದ.

"ನೀನು ಬಂದೆ. ಎದುರಿಗೆ ಕೂತೆ. ಬಟ್ಲು ಇಟ್ಟೆ. ಎಷ್ಟು ಕೊಟ್ರೂ ಜಗ್ಗಲ್ಲ ಅಂತ ಕೂತಿದೀಯ. ನನ್ನ ಅಜ್ಜನ ಕಾಲದೋರು ಹೀಗೆ ಕೇಳ್ತಿದ್ರು."

ಇಷ್ಟು ಹೊತ್ತು ಹೆದರಿ ಕೂತಿದ್ದ ನನಗೆ ಒಮ್ಮೆಲೇ ಅಳು ಬಂದ ಹಾಗಾಯಿತು. ಇವರು ಹನ್ನೊಂದು ವರ್ಷ ಕಾದಿದ್ದು ಸಿಕ್ಕಿತು ಅಂದುಕೊಂಡಿದ್ದಾರೆ. ನಾನು ಒಂದು ಮಾತೂ ಕೇಳಿಲ್ಲ. ಗೇಟು ನನ್ನ ಕೈಯಲ್ಲಿತ್ತು, ಸುಮ್ಮನೆ ಇನ್ನೊಂದಿಷ್ಟು ಹೊತ್ತು ಕೂತಿದ್ದರೆ ಸಾಕಿತ್ತು. ಕೂರಲಾಗಲಿಲ್ಲ.

"ಚಿಕ್ಕಪ್ಪ, ನಾನು ಉಪವಾಸ" ಅಂದೆ.

ಯಾವ ಉಪವಾಸ ಅಂತ ಲೆಕ್ಕ ಹಾಕಿದ ಮಿಶಾಲ್ ಕಿವಿಯವರೆಗೂ ಕೆಂಪಾಗಿ ಕಾಫಿ ಪಾತ್ರೆಯ ಮುಚ್ಚಳ ಒರೆಸತೊಡಗಿದ. ಸುಹೈಬ್ ಸೂರು ನೋಡುತ್ತ ಕೂತ. ಉಮ್ಮು ಮಿಶಾಲ್ ಮಾತ್ರ ತಡೆಯಲಾರದೆ ಗೊಳ್ಳೆಂದು ನಕ್ಕರು. ಗಂಡನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

"ಹಾಗಾದ್ರೆ ಬಟ್ಲು... ಸುಮ್ನೆ ಇಟ್ಟಿದ್ದಾ?"

"ಹೂಂ ಚಿಕ್ಕಪ್ಪ. ಎಲ್ಲಿಡೋದು ಅಂತ ಗೊತ್ತಾಗ್ಲಿಲ್ಲ. ತಪ್ಪಾಯ್ತು."

ಅವರು ಮತ್ತೆ ದಿಂಬಿಗೆ ಒರಗಿದರು. ನಿಲುವಂಗಿ ಹೆಗಲಿನಿಂದ ಜಾರಿತು, ಸರಿಮಾಡಿಕೊಳ್ಳಲಿಲ್ಲ. "ಪರವಾಗಿಲ್ಲ. ಆಡಿದ ಮಾತು ಆಡಿದ್ದೇ. ಗೇಟು ತೆಗೆಸ್ತೀನಿ. ಮೂರು ಮೀಟರ್ ಅಳ್ಕೊಂಡು ಹೋಗಿ" ಅಂದರು. ಅಂಗಡಿಯವರು ಚಿಲ್ಲರೆ ವಾಪಸ್ ಕೊಡುವ ದನಿ.

ಸುಹೈಬ್ ಆಗಲೇ ಎದ್ದಿದ್ದ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಚಿಕ್ಕಪ್ಪ, ನಾಳೇನೇ ಟೇಪ್ ತರ್ತೀವಿ" ಅಂತ ನನ್ನ ಬ್ಯಾಗನ್ನೂ ಎತ್ತಿಕೊಂಡ. ನಾನೂ ಎದ್ದೆ. ಎರಡು ಹೆಜ್ಜೆ ಹೋದೆ. ಹೆದ್ದಾರಿಯಲ್ಲಿ ಕಾಲು ಅಗಲ ಮಾಡಿ ನಿಂತ ಆ ಹುಡುಗಿ ಕಣ್ಣಮುಂದೆ ಬಂದಳು. ಅವಳಿಗಾಗಿ ಸುಮ್ಮನೆ ಹೋಗಿಬಿಡಬಹುದಿತ್ತು. ತಿರುಗಿ ನೋಡಿದರೆ ಅವರು ನಾನಿಟ್ಟ ಬಟ್ಟಲನ್ನೇ ನೋಡುತ್ತ ಕೂತಿದ್ದರು.

"ಚಿಕ್ಕಪ್ಪ, ನಿಮ್ಮ ಮಾತು ನಿಮಗೇ ವಾಪಸ್" ಅಂದೆ.

"ಏನಂದೆ?"

"ನಾನು ಕೇಳ್ದೆ ಇರೋದನ್ನ ನೀವು ಕೊಟ್ಟಿದೀರ. ಅದು ಲೆಕ್ಕಕ್ಕಿಲ್ಲ. ನಾನಿನ್ನೂ ಕೇಳಿಲ್ಲ."

"ತಲೆ ಕೆಟ್ಟಿದೆ ಇವಳಿಗೆ, ಹಸಿವಿಗೆ" ಅಂದ ಸುಹೈಬ್ ಎಲ್ಲರಿಗೂ ಕೇಳುವ ಹಾಗೆ.

"ಕೇಳಿದ್ರೆ ನಾನು ಇಲ್ಲ ಅನ್ನಬಹುದು" ಅಂದರು ಅಬು ಮಿಶಾಲ್.

"ಅನ್ನಬಹುದು."

ಅವರು ನನ್ನನ್ನು ದಿಟ್ಟಿಸಿದರು. ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ಆಜಾನ್ ಕೇಳಿಸಿತು, ಉಪವಾಸ ಬಿಡುವ ಹೊತ್ತು. ಉಪವಾಸ ಇದ್ದವಳನ್ನು ಆ ಹೊತ್ತಿನಲ್ಲಿ ಮನೆಯಿಂದ ಕಳಿಸುವವರು ಯಾರೂ ಇಲ್ಲ. ಉಮ್ಮು ಮಿಶಾಲ್ ಖರ್ಜೂರ, ನೀರು, ಬೇಳೆ ಸೂಪು ತಂದರು. ಎಲ್ಲರೂ ನಮಾಜು ಮುಗಿಸಿ ಬಂದೆವು. ನಾನು ಎರಡು ಬಟ್ಟಲು ಸೂಪು ಕುಡಿದೆ. ಸುಹೈಬ್ ಉಪವಾಸವಿಲ್ಲದೆಯೂ ಮೂರು ಕುಡಿದ.

ಆಮೇಲೆ ಕಾಫಿ ಬಂತು. ಈ ಸಲ ಮಿಶಾಲ್ ಕೈಯಿಂದ ಪಾತ್ರೆ ಇಸಿದುಕೊಂಡು ಅಬು ಮಿಶಾಲ್ ತಾವೇ ಬಗ್ಗಿಸಿದರು, ತಾವೇ ಕೊಟ್ಟರು. ಈಗ ಕುಡಿಯಬಹುದಿತ್ತು. ಬಟ್ಟಲು ಬೆಚ್ಚಗಿತ್ತು, ಏಲಕ್ಕಿ ಘಮ ಮೂಗಿಗೆ ಬಡಿಯುತ್ತಿತ್ತು. ಬಟ್ಟಲನ್ನು ಮೇಜಿನ ಮೇಲಿಟ್ಟೆ.

ಅವರು ಅದನ್ನು ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, ಮನೆ ನಡುಗುವ ಹಾಗೆ ಕೂಗಿದರು. "ಮಿಶಾಲ್! ನಿನ್ನ ತಮ್ಮಂದಿರನ್ನ ಕರಿ. ಚಿಕ್ಕಪ್ಪನ್ನ ಕರಿ. ಪಕ್ಕದ ಮನೆಯೋರನ್ನೂ ಕರಿ. ನನ್ನ ಮನೇಲಿ ಒಬ್ರು ಬಟ್ಲು ಕೆಳಗಿಟ್ಟಿದಾರೆ."

ಹತ್ತು ನಿಮಿಷದಲ್ಲಿ ಕೋಣೆ ತುಂಬಿತು. ಚಪ್ಪಲಿ ಸರಿಯಾಗಿ ಮೆಟ್ಟದೆ, ಬಾಯಿ ಒರೆಸಿಕೊಳ್ಳುತ್ತ ಬಂದ ಇಪ್ಪತ್ತು ಗಂಡಸರು, ಬಾಗಿಲಲ್ಲಿ ಸೊಸೆಯಂದಿರು. ಅಬು ಮಿಶಾಲ್ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಎದ್ದು ನಿಂತೆ. ಇಂಥ ಕಡೆ ಮಾತಾಡುವವರು ಮೊದಲು ದೇವರನ್ನು ನೆನೆದು, ಮನೆತನವನ್ನು ಹೊಗಳಿ, ಸುತ್ತಿ ಬಳಸಿ ವಿಷಯಕ್ಕೆ ಬರುತ್ತಾರೆ. ನನಗೆ ಅದೊಂದೂ ಬಾಯಿಗೆ ಬರಲಿಲ್ಲ. "ಲಾರಿ ಬಂದಾಗ ಮಕ್ಕಳು ಹಾರಿಹೋಗ್ತಾರೆ" ಅಂತ ಶುರುಮಾಡಿದೆ. ಆ ಹುಡುಗಿ ಕಾಲು ಅಗಲ ಮಾಡಿ ನಿಂತಿದ್ದನ್ನು ಅಲ್ಲೇ ನಿಂತು ತೋರಿಸಿದೆ. ಯಾರೂ ನಗಲಿಲ್ಲ. ಹಿಂದೆ ಒಬ್ಬಾತ "ನನ್ನ ಮಗಳೂ ಹಾಗೇ ನಿಲ್ತಾಳೆ" ಅಂದ. "ಅವರಿಗೆ ದಾರಿ ಬೇಕು ಚಿಕ್ಕಪ್ಪ. ನಿಮ್ಮ ತೋಟದೊಳಗಿಂದ. ಕೊಡ್ತೀರಾ?" ಅಂತ ಕೇಳಿ ಕೂತುಬಿಟ್ಟೆ.

ಅಬು ಮಿಶಾಲ್ ಮೊದಲು ನನ್ನ ತಂದೆ ಯಾರು, ತಾತ ಎಲ್ಲಿಯವರು ಅಂತ ವಿಚಾರಿಸಿದರು. ಮಳೆ ನೀರು ಎತ್ತ ಹರಿಯುತ್ತದೆ ಅಂದರು. ಮರಗಳ ಬೇರಿಗೆ ಪೆಟ್ಟಾಗುತ್ತದಾ ಅಂದರು. ನಾಲ್ಕು ವರ್ಷ ಓದಿದ್ದೆಲ್ಲ ಅವತ್ತೇ ಪರೀಕ್ಷೆಯಾಯಿತು. ತಮ್ಮನ ಅಭಿಪ್ರಾಯ ಕೇಳಿದರು, ಅವರು ಹೇಳಿದ್ದನ್ನು ಒಪ್ಪಲಿಲ್ಲ. ಕಾಫಿ ಆರಿತು. ಅವರಿಗೆ ಒಂದಿಷ್ಟೂ ಅವಸರವಿರಲಿಲ್ಲ. ನನಗೆ ಭಯ ಹೋಗಿರಲಿಲ್ಲ, ಆದರೂ ಅವರು ಇನ್ನೊಂದಷ್ಟು ಹೊತ್ತು ಹೀಗೇ ಎಳೆಯಲಿ ಅನ್ನಿಸಿತು.

ಕೊನೆಗೆ ಎದ್ದು ನಿಂತರು. ನಿಲುವಂಗಿ ಎರಡೂ ಹೆಗಲ ಮೇಲೆ ನೆಟ್ಟಗೆ ಕೂತಿತ್ತು.

"ಕುಡಿ ಮಗಳೇ" ಅಂದರು. "ಕೇಳಿದ್ದು ಕೊಟ್ಟಿದೀನಿ. ಆದ್ರೆ ಎರಡೂವರೆ ಮೀಟರ್. ಮೂರು ಅಂದಿದ್ದು ನೀನು ಸುಮ್ನಿದ್ದಾಗ. ನೀನು ಬಾಯಿ ಬಿಟ್ರೆ ನಷ್ಟ ನಿನಗೇ."

ಕೋಣೆಯೆಲ್ಲ ನಕ್ಕಿತು. ಸುಹೈಬ್ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದೆ. ತಣ್ಣಗೆ, ವಿಷದಷ್ಟು ಕಹಿ. ಗಂಡಸರು ಒಬ್ಬೊಬ್ಬರಾಗಿ ಬಂದು ಅಬು ಮಿಶಾಲ್ ಅವರ ಹೆಗಲಿಗೆ ಮುತ್ತಿಟ್ಟರು. ಮಿಶಾಲ್ ಎಲ್ಲರಿಗಿಂತ ಕೊನೆಗೆ ಬಂದು ಅಪ್ಪನ ಕೈಗೆ ಮುತ್ತಿಟ್ಟ.

ಹೊರಡುವಾಗ ಅವರು ಗೇಟಿನವರೆಗೂ ಬಂದರು. ಸುಹೈಬ್ ಮುಂದೆ ಹೋಗಿ ಕಾರಿಗಾಗಿ ಕೈ ಬೀಸುತ್ತಿದ್ದ. ಅಬು ಮಿಶಾಲ್ ಅವನ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಾಗಿ, ಯಾರಿಗೂ ಕೇಳಿಸದ ಹಾಗೆ ಅಂದರು.

"ಇನ್ನೊಂದ್ಸಲ ಬಾ ಮಗಳೇ. ಕೇಳೋಕೆ."

"ಏನು ಕೇಳ್ಲಿ ಚಿಕ್ಕಪ್ಪ?"

"ಏನಾದ್ರೂ" ಅಂದರು. "ದೊಡ್ಡದೇ ಇರ್ಲಿ."